ಹಳೇ ಚೀಟಿಯ ಗುಳಿಗೆ

ಮೊನ್ನೆ ದೀಪಾವಳಿ ಮುಗಿದ ಮೇಲೆ ಒಬ್ಬ ಹುಡುಗ ಅಂಗಡಿಗೆ ಬಂದು ಡಾಕ್ಟರ್ ಚೀಟಿ ಚಾಚಿದ. ಲ್ಯಾಮಿನೇಶನ್ ಮಾಡಿಸಿದ ಚೀಟಿ.

"ಹರೀಬಾರದಂತ ಮಾಡಿಸೀವ್ರಿ ಅಣ್ಣಾರ. ನಮ್ಮ ಆಯಿಗೆ ಮೊಣಕಾಲ ನೋವಿಗೆ ಇದ ಗುಳಿಗಿ ಹತ್ತತೈತ್ರಿ."

ತಾರೀಕು ನೋಡಿದೆ. ಹದಿನಾಲ್ಕು ತಿಂಗಳ ಹಿಂದಿನದು. ಗುಳಿಗೆ ಬರೆದದ್ದು ಏಳೇ ದಿನಕ್ಕೆ.

ಬಾಗಲಕೋಟೆ ನವನಗರದಲ್ಲಿ ಔಷಧ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯಿತು. "ಹೋದ ಸಲ ಇದ ಹತ್ತಿತ್ತು, ಇದನ್ನ ಕೊಡ್ರಿ" ಅನ್ನೋ ಮಾತು ಕೇಳದ ದಿನ ಇಲ್ಲ. ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಜ್ಜಿಯ ಚೀಟಿಯನ್ನು ಅಷ್ಟು ಜೋಪಾನ ಮಾಡೋ ಮೊಮ್ಮಗ ಎಷ್ಟು ಮನೆಯಲ್ಲಿ ಇದ್ದಾನೆ? ಆದರೆ ಚೀಟಿ ಅಂದರೆ ರೇಷನ್ ಕಾರ್ಡ್ ಅಲ್ಲ, ತಿಂಗಳು ತಿಂಗಳು ತೋರಿಸಿ ತರೋದಕ್ಕೆ. ಅದು ಒಬ್ಬರಿಗೆ, ಅವರ ಅವತ್ತಿನ ತೊಂದರೆಗೆ, ಇಂತಿಷ್ಟು ದಿನಕ್ಕೆ ಅಂತ ಬರೆದದ್ದು. ಮತ್ತೆ ಕೊಡಬಹುದು ಅಂತ ಡಾಕ್ಟರೇ ಬರೆಯದಿದ್ದರೆ ಇಂಥ ಔಷಧವನ್ನು ಒಂದು ಚೀಟಿಗೆ ಒಂದೇ ಸಲ ಕೊಡಬೇಕು. ಕೊಟ್ಟಾಗ ಅಂಗಡಿ ಹೆಸರು, ವಿಳಾಸ, ತಾರೀಕು ಚೀಟಿ ಮೇಲೆ ಹಾಕಬೇಕು. 1945ರ ಔಷಧ ನಿಯಮಗಳಲ್ಲೇ ಇದು ಇದೆ. ಆ ಚೀಟಿಯಲ್ಲಿ ಮೊದಲು ಕೊಟ್ಟ ಅಂಗಡಿಯ ಸೀಲ್ ಪ್ಲಾಸ್ಟಿಕ್ ಒಳಗೆ ಕಾಣುತ್ತಿತ್ತು. ಆಮೇಲೆ ಕೊಟ್ಟವರು ಯಾರೂ ಏನೂ ಬರೆದಿರಲಿಲ್ಲ. ಇದರಲ್ಲಿ ನಮ್ಮ ಅಂಗಡಿಯವರ ತಪ್ಪು ದೊಡ್ಡದಿದೆ, ಅದನ್ನು ನಾನು ಮುಚ್ಚಿಡಲ್ಲ.

ಗುಳಿಗೆ ಪ್ರೆಡ್ನಿಸೋಲೋನ್. ಸ್ಟೆರಾಯ್ಡ್. ಎರಡು ದಿನ ನಾಲ್ಕು, ಎರಡು ದಿನ ಮೂರು, ಎರಡು ದಿನ ಎರಡು, ಕೊನೆ ದಿನ ಒಂದು ಅಂತ ಇಳಿಸುತ್ತಾ ಬರೆದಿದ್ದರು. ಯಾಕೆ ಬರೆದಿದ್ದರು ಅಂತ ಹುಡುಗನನ್ನು ಕೇಳಿದೆ. ಆಯಿಗೆ ಮೈಯೆಲ್ಲ ದದ್ದು ಎದ್ದಿತ್ತಂತೆ, ತುರಿಕೆಯಂತೆ. ಮೊಣಕಾಲಿಗಲ್ಲ! ಆ ಏಳು ದಿನದಲ್ಲಿ ದದ್ದು ಹೋಯಿತು, ಜತೆಗೆ ಮೊಣಕಾಲ ನೋವೂ ಮಾಯವಾಯಿತು. ಮನೆಯವರು ಅದನ್ನೇ ಮೊಣಕಾಲ ಗುಳಿಗೆ ಅಂತ ಹಿಡಿದುಕೊಂಡರು. ಅವತ್ತಿನಿಂದ ದಿನಕ್ಕೆ ಎರಡು.

ಎಲ್ಲರೂ ತಪ್ಪು ತಿಳಿಯೋದು ಇಲ್ಲೇ. ಸ್ಟೆರಾಯ್ಡ್ ತಗೊಂಡರೆ ಬಾವು ಇಳಿಯುತ್ತದೆ, ನೋವು ಹೋಗುತ್ತದೆ. ಹೌದು. ಆದರೆ ಸವೆದ ಮೊಣಕಾಲು ಸವೆದೇ ಇರುತ್ತದೆ. ನೋವು ಹೋಯಿತು ಅಂದ ಮಾತ್ರಕ್ಕೆ ರೋಗ ಹೋಯಿತು ಅಂತಲ್ಲ. ಇತ್ತ ಗುಳಿಗೆ ಮೈಯೊಳಗೆ ಬೇರೆ ಕೆಲಸ ಮಾಡುತ್ತಲೇ ಇರುತ್ತದೆ. ಸಕ್ಕರೆ ಏರುತ್ತದೆ, ಬಿಪಿ ಏರುತ್ತದೆ, ಎಲುಬು ಟೊಳ್ಳಾಗುತ್ತದೆ, ಸೋಂಕು ತಡೆಯೋ ಶಕ್ತಿ ಕುಗ್ಗುತ್ತದೆ. 2021ರಲ್ಲಿ ಕೊರೊನಾ ಎರಡನೇ ಅಲೆಯ ಹಿಂದೆಯೇ ಕಪ್ಪು ಶಿಲೀಂಧ್ರ ಬಂತಲ್ವಾ? ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಸ್ಟೆರಾಯ್ಡ್ ತಗೊಂಡವರು, ಅದರಲ್ಲಿ ಜಾಸ್ತಿ ಸಿಕ್ಕಿಬಿದ್ದರು.

ಆಯಿಯನ್ನೇ ಕರೆದುಕೊಂಡು ಬಾ ಅಂದೆ. ಸಂಜೆ ಬಂದರು. ಗುಳೇದಗುಡ್ಡದಲ್ಲಿ ಮೂವತ್ತು ವರ್ಷ ಕುಣಿಮಗ್ಗದಲ್ಲಿ ಕೂತು ಖಣ ನೇಯ್ದವರು. ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗಾಗಿತ್ತು. "ಓಣ್ಯಾಗ ಎಲ್ಲಾರೂ ಮೈ ತುಂಬಕೊಂಡೀಯಬೇ ಅಂತಾರ" ಅಂತ ಖುಷಿಯಿಂದ ಹೇಳಿದರು. ನಾನು ಅವರ ಕೈ ನೋಡಿದೆ. ತೋಳು ಕಡ್ಡಿಯಾಗಿತ್ತು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಹಸಿರು ಬಳೆ ತಾಗಿದಲ್ಲೆಲ್ಲ ನೀಲಿ ಕಲೆ. ಮುಖ ತುಂಬಿಕೊಂಡದ್ದು, ಕೈಕಾಲು ಸೊರಗಿದ್ದು, ಎರಡೂ ಅದೇ ಗುಳಿಗೆಯ ಕೆಲಸ. ರೋಗ ಹೇಳೋದು ನನ್ನ ಕೆಲಸ ಅಲ್ಲ, ಡಾಕ್ಟರ್ ಕೆಲಸ. ಆದರೆ ಇದನ್ನು ನೋಡಿ ಸುಮ್ನೆ ಇರೋಕೆ ಆಗಲಿಲ್ಲ.

ಸೊಸೆಗೆ ವಿಷಯ ಹೇಳಿದ ಕೂಡಲೇ ಆಕೆ, "ಹಂಗಾದ್ರ ಇವತ್ತಿಂದನ ಬಂದ್ ಮಾಡ್ತೀವ್ರಿ" ಅಂದಳು. ನನಗೆ ಭಯ ಆದದ್ದು ಆಗ.

ದಯವಿಟ್ಟು ಇದೊಂದನ್ನು ನಿಧಾನವಾಗಿ ಓದಿ. ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಒಂದೊಂದು ಚಿಕ್ಕ ಗ್ರಂಥಿ ಇದೆ. ಮೈಗೆ ಬೇಕಾದ ಸ್ಟೆರಾಯ್ಡನ್ನು ಅದೇ ತಯಾರಿಸುತ್ತದೆ. ಹೊರಗಿನಿಂದ ದಿನಾ ಬರತೊಡಗಿದರೆ ತನ್ನ ಕೆಲಸ ನಿಲ್ಲಿಸಿ ಮಲಗುತ್ತದೆ. ಮೂರು ನಾಲ್ಕು ವಾರ ತಗೊಂಡವರಲ್ಲೂ ಹೀಗಾಗಬಹುದು. ಆಗ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಒಳಗೂ ಇಲ್ಲ, ಹೊರಗಿನಿಂದಲೂ ಇಲ್ಲ. ಸುಸ್ತು, ವಾಂತಿ, ಬಿಪಿ ಕುಸಿಯೋದು, ಎಚ್ಚರ ತಪ್ಪೋದು. ಆ ಹೊತ್ತಿನಲ್ಲಿ ಜ್ವರವೋ ಆಪರೇಷನ್ನೋ ಬಂದರೆ ಜೀವಕ್ಕೇ ಕುತ್ತು. ಅದಕ್ಕೇ ಡಾಕ್ಟರು ಮೆಟ್ಟಿಲು ಇಳಿಸಿದ ಹಾಗೆ ಇಳಿಸುತ್ತಾರೆ. ತಿಂಗಳುಗಟ್ಟಲೆ ತಗೊಂಡಿದ್ದರೆ ಇಳಿಸೋಕೂ ತಿಂಗಳುಗಟ್ಟಲೆ ಬೇಕಾಗಬಹುದು. ಎಷ್ಟು, ಹೇಗೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ನನ್ನನ್ನು ಕೇಳಿದರೂ ನಾನು ಹೇಳಲ್ಲ, ಡಾಕ್ಟರ್ ಹತ್ತಿರವೇ ಹೋಗಿ.

ಇನ್ನೊಂದು ಮಾತು. ದಮ್ಮು, ಸಂಧಿವಾತ, ಮೂತ್ರಪಿಂಡದ ಕೆಲವು ಕಾಯಿಲೆಗೆ ಡಾಕ್ಟರ್ ನಿಗಾದಲ್ಲಿ ಸ್ಟೆರಾಯ್ಡ್ ತಗೊಳ್ಳುವವರು ಇದ್ದಾರೆ. ಅವರಿಗೆ ಅದು ಬೇಕೇ ಬೇಕು. ಇದನ್ನು ಓದಿ ಹೆದರಿ ಯಾರೂ ಬಿಡಬೇಡಿ.

ಹೆಸರು ಇಲ್ಲದ ಬಿಡಿ ಗುಳಿಗೆಯನ್ನು ಕಾಗದದ ಪುಡಿಕೆಯಲ್ಲಿ ಕೊಡುವವರ ಹತ್ತಿರ ಮೊಣಕಾಲಿಗೆ ಔಷಧ ತಗೊಂಡಿದ್ದರೆ ಆ ಪುಡಿಕೆಯನ್ನೂ ಡಾಕ್ಟರಿಗೆ ತೋರಿಸಿ. ನಾಚಿಕೆ ಬೇಡ. ಎಷ್ಟು ದಿನದಿಂದ ತಗೋತಿದ್ದೀರಿ ಅಂತ ನಿಜ ಹೇಳಿದರೆ ಅವರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಆಯಿಯನ್ನು ಮರುದಿನವೇ ಫಿಜಿಶಿಯನ್ ಹತ್ತಿರ ಕಳಿಸಿದೆ. ಸಕ್ಕರೆ ಏರಿತ್ತು. ಗುಳಿಗೆ ಇಳಿಸೋ ಲೆಕ್ಕವನ್ನು ಅವರು ಬರೆದುಕೊಟ್ಟರು. ಸೊಸೆ ಅದನ್ನು ಗೋಡೆಯ ಕ್ಯಾಲೆಂಡರಿನ ಒಂದೊಂದು ಮನೆಯಲ್ಲೂ ಪೆನ್ನಿನಿಂದ ಬರೆದಿದ್ದಾಳೆ: ಒಂದೂವರೆ, ಒಂದೂವರೆ, ಒಂದು. ನುಂಗಿದ ಮೇಲೆ ಆಯಿ ತಾವೇ ಗೀಟು ಹಾಕುತ್ತಾರಂತೆ. ಹೋದ ಸೋಮವಾರ ಅಂಗಡಿಗೆ ಬಂದಿದ್ದರು. ಮುಖ ಸ್ವಲ್ಪ ಇಳಿದಿತ್ತು. ಮೊಣಕಾಲು ನೋಯುತ್ತದೆ ಅಂದರು, ಬಿಸಿನೀರಿನ ಕಾವು ಕೊಟ್ಟುಕೊಳ್ಳುತ್ತಿದ್ದೇನೆ ಅಂದರು. ಓಣಿಯವರು ಈಗ "ಯಾಕಬೇ ಇಳಿದೀ, ಆ ಗುಳಿಗಿ ಬಿಟ್ಟಿಯೇನ?" ಅಂತ ಕೇಳುತ್ತಾರಂತೆ. ಹೊಸ ಚೀಟಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದರು. ಬಿಚ್ಚಿ ಕೊಟ್ಟರು. ಹದಿನೈದು ದಿನದ ಗುಳಿಗೆ ಎಣಿಸಿ ಕೊಟ್ಟು, ಸೀಲ್ ಹೊಡೆದು, ತಾರೀಕು ಬರೆದೆ.