ಚಿಮಣಿಯ ಇಟ್ಟಿಗೆ ಉದುರುತ್ತಿದೆ, ಸಿಮೆಂಟ್ ಪ್ಲಾಸ್ಟರ್ ಮಾಡಿಸಬಹುದೇ?

ಪ್ರಶ್ನೆ: ಹಿಮ ಬೀಳುವ ಊರಿನಲ್ಲಿ ನಮ್ಮದು ನೂರು ವರ್ಷ ದಾಟಿದ ಮನೆ. ಐದಾರು ವರ್ಷದ ಹಿಂದೆ ಚಿಮಣಿಯ ಸಂದುಗಳಿಗೆ ಸಿಮೆಂಟ್ ತುಂಬಿಸಿದೆವು. ಸಂದುಗಳೇನೋ ಗಟ್ಟಿಯಾಗಿವೆ, ಇಟ್ಟಿಗೆಯ ಮುಖ ಮಾತ್ರ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ಮೇಲೆ ಪೂರ್ತಿ ಪ್ಲಾಸ್ಟರ್ ಮಾಡಿಸಿದರೆ ನಿಂತೀತೇ?

ಉತ್ತರ: ದಯವಿಟ್ಟು ಮಾಡಿಸಬೇಡಿ. ಸಂದು ಗಟ್ಟಿ, ಇಟ್ಟಿಗೆ ಪುಡಿ ಎಂದಿರಲ್ಲ, ತೊಂದರೆಯ ಮೂಲ ಅದೇ.

ಆ ಕಾಲದ ಇಟ್ಟಿಗೆ ಮೆದು. ಅದನ್ನು ಕಟ್ಟಿದ್ದು ಇನ್ನೂ ಮೆದುವಾದ ಸುಣ್ಣದ ಗಾರೆಯಲ್ಲಿ. ಗೋಡೆ ಹೀರಿಕೊಂಡ ಮಳೆನೀರು ಸಂದುಗಳ ಮೂಲಕವೇ ಆರಿ ಹೋಗುತ್ತಿತ್ತು. ಸವೆದರೆ ಗಾರೆ ಸವೆಯುತ್ತಿತ್ತು, ಇಟ್ಟಿಗೆ ಉಳಿಯುತ್ತಿತ್ತು. ಸಿಮೆಂಟ್ ಆ ದಾರಿಯನ್ನು ಮುಚ್ಚಿತು. ಈಗ ನೀರು ಇಟ್ಟಿಗೆಯ ಮುಖದಿಂದಲೇ ಹೊರಬರಬೇಕು. ಹೊರಬರುವ ಮೊದಲೇ ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗಿ, ಮುಖವನ್ನು ಒಳಗಿನಿಂದ ಎಬ್ಬಿಸುತ್ತದೆ. ಬಿದ್ದ ಚಕ್ಕೆಯೊಂದನ್ನು ಕೈಗೆತ್ತಿಕೊಂಡು ನೋಡಿ: ಹೊರಮೈ ನುಣುಪು, ಹಿಂಬದಿ ಬೆರಳಿಗೆ ಪುಡಿ ಹತ್ತುವಷ್ಟು ಸಡಿಲ. ನಾಲ್ಕೂ ಕಡೆ ಗಾಳಿ, ಮಳೆ ತಿನ್ನುವ ಚಿಮಣಿಯಲ್ಲಿ ಇದು ಒಂದೇ ಚಳಿಗಾಲದಲ್ಲಿ ಎಷ್ಟೋ ಸಲ ನಡೆಯುತ್ತದೆ. ಪ್ಲಾಸ್ಟರ್ ಹಾಕಿದರೆ ಇದೇ ಕಾಟ ಅದರ ಹಿಂದೆ, ನಿಮ್ಮ ಕಣ್ಣಿಗೆ ಬೀಳದಂತೆ ಮುಂದುವರಿಯುತ್ತದೆ.

ಮೊದಲು ತಲೆಯ ಕಡೆ ನೋಡಿ. ಚಿಮಣಿಯ ನೆತ್ತಿಯ ಮೇಲಿನ ಹೊದಿಕೆ ಬಿರಿದಿದ್ದರೆ ಕೆಳಗೆ ಮಾಡಿದ ಕೆಲಸವೆಲ್ಲ ವ್ಯರ್ಥ. ಹಳೆಯ ಮನೆಗಳಲ್ಲಿ ಅದು ತೆಳುವಾಗಿ ಬಳಿದ ಗಾರೆಯಷ್ಟೇ ಆಗಿರುತ್ತದೆ. ಒಡೆದು ಹೊಸ ಕಾಂಕ್ರೀಟ್ ಹಾಕಿಸುವುದಾದರೆ ಅಂಚಿನಲ್ಲಿ ಕನಿಷ್ಠ 50 ಮಿ.ಮೀ. ದಪ್ಪ ಇರಲಿ, ಹೊರಕ್ಕೆ ಇಳಿಜಾರಾಗಿರಲಿ, ಗೋಡೆಯಿಂದ 50 ಮಿ.ಮೀ. ಆಚೆ ಚಾಚಿರಲಿ. ಚಾಚಿನ ತಳದಲ್ಲಿ ಒಂದು ಸಣ್ಣ ತೋಡು ಕೊರೆದರೆ ನೀರು ಗೋಡೆಗೆ ತಾಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಹೊಗೆ ಕೊಳವೆಗೆ ಕಾಂಕ್ರೀಟ್ ಅಂಟಬಾರದು. ಬಿಸಿಗೆ ಕೊಳವೆ ಹಿಗ್ಗುವುದರಿಂದ ಸುತ್ತ ಸಣ್ಣ ತೆರವು ಬಿಟ್ಟು, ಬಿಸಿ ತಾಳುವ, ಬಾಗುವ ಸೀಲಂಟ್ ತುಂಬಬೇಕು. ಚಿಮಣಿ ಮಾಡನ್ನು ಕೂಡುವ ಕಡೆ ತಗಡಿನ ಪಟ್ಟಿಯ ಮೇಲಂಚು ಸಂದಿನೊಳಗೆ ಸುಮಾರು 25 ಮಿ.ಮೀ. ಹೊಕ್ಕಿರಬೇಕು. ಬರೀ ಟಾರು ಮೆತ್ತಿದ್ದರೆ ಚಳಿಗೆ ಬಿರಿಯುತ್ತದೆ.

ಇನ್ನು ಸಂದು. ಅಗಲದ ಎರಡೂವರೆ ಪಟ್ಟು ಆಳಕ್ಕೆ, ಅಂದರೆ 10 ಮಿ.ಮೀ. ಸಂದಿಗೆ 25 ಮಿ.ಮೀ., ಸಿಮೆಂಟ್ ತೆಗೆಯಿರಿ. ಅಡ್ಡ ಸಂದಿನ ನಟ್ಟನಡುವೆ ತೆಳು ಬ್ಲೇಡಿನಿಂದ ಸೀಳಿ, ಉಳಿದದ್ದನ್ನು ಉಳಿಯಿಂದ ಬಿಡಿಸಬಹುದು. ಮೇಲಿಂದ ಕೆಳಕ್ಕೆ ನೆಟ್ಟಗಿರುವ ಸಂದುಗಳಿಗೆ ಗ್ರೈಂಡರ್ ಬೇಡ, ಮೇಲಿನ ಕೆಳಗಿನ ಇಟ್ಟಿಗೆ ಕಡಿದುಹೋಗುತ್ತದೆ. ಬಿಡಿಸುವಾಗ ಇಟ್ಟಿಗೆಯ ಅಂಚೇ ಕಿತ್ತು ಬರುತ್ತಿದ್ದರೆ ಆ ಸಂದನ್ನು ಹಾಗೇ ಬಿಡುವುದು ಮೇಲು.

ತುಂಬಲು ನೀರಿನೊಡನೆ ಸೇರಿ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ (ಚೀಲದ ಮೇಲೆ ಎನ್‌ಎಚ್‌ಎಲ್ 3.5 ಎಂದಿರುತ್ತದೆ) ಒಂದು ಪಾಲು, ತೊಳೆದ ಒರಟು ಮರಳು ಎರಡೂವರೆ ಪಾಲು. ನೀರು ಕಡಿಮೆ ಸಾಕು: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಸುಣ್ಣ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಕೈಗವಸು ಮತ್ತು ಕನ್ನಡಕ ಮರೆಯಬೇಡಿ. ಸಂದನ್ನು ನೆನೆಸಿ, 10 ಮಿ.ಮೀ. ಮೀರದ ಪದರುಗಳಲ್ಲಿ ಒತ್ತಿ ತುಂಬಿ. ಹೆಬ್ಬೆರಳು ಒತ್ತಿದರೆ ಗುರುತು ಮೂಡದಷ್ಟು ಬಿಗಿದ ಮೇಲೆ ಮುಂದಿನ ಪದರು. ಕೊನೆಯದನ್ನು ಗಡಸು ಬ್ರಷ್‌ನಿಂದ ಕುಟ್ಟಿ, ಒದ್ದೆ ಗೋಣಿತಾಟು ಇಳಿಬಿಟ್ಟು ಒಂದು ವಾರ ತೇವ ಕಾಯಿರಿ. ಹೆಚ್ಚಿನವರು ಎಡವುವುದು ಈ ಒಂದು ವಾರದಲ್ಲೇ: ಬೇಗ ಒಣಗಿದ ಸುಣ್ಣ ಗಟ್ಟಿಯಾಗದೆ ಪುಡಿಯಾಗುತ್ತದೆ. ರಾತ್ರಿಯ ತಾಪಮಾನವೂ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ಕಾಲ ಬೇಕು. ಮೊದಲ ಹಿಮಕ್ಕೆ ಒಂದೆರಡು ತಿಂಗಳು ಇರುವಾಗಲೇ ಮುಗಿಸಿ.

ಮುಖ ಆಳವಾಗಿ ಹೋದ ಇಟ್ಟಿಗೆಗಳನ್ನು ಕಿತ್ತು, ಅಷ್ಟೇ ಮೆದುವಾದ ಇಟ್ಟಿಗೆ ಕೂರಿಸಬೇಕು. ಬೇರೆ ಗೋಡೆಗಳಲ್ಲಿ ಅದೇ ಇಟ್ಟಿಗೆಯನ್ನು ತಿರುಗಿಸಿ ಇಡುವುದುಂಟು. ಇಲ್ಲಿ ಹಿಂಬದಿ ಹೊಗೆಯ ಜಿಡ್ಡು ಕುಡಿದಿರುವುದರಿಂದ ಹೊರಗೆ ಕಲೆ ಮೂಡುತ್ತದೆ. ಚಿಮಣಿ ವಾಲಿದ್ದರೆ ತೇಪೆ ಬೇಡ, ಮಾಡಿನ ಮಟ್ಟದವರೆಗೆ ಇಳಿಸಿ ಮತ್ತೆ ಕಟ್ಟಿಸಿ.

ಒಳಗಿನಿಂದಲೂ ನೀರು ಬರಬಹುದು. ಕಟ್ಟಿಗೆಯ ಒಲೆಗಾಗಿ ಕಟ್ಟಿದ ಅಗಲ ಕೊಳವೆಗೆ ಈಗ ಗ್ಯಾಸ್ ಬಾಯ್ಲರ್ ಜೋಡಿಸಿದ್ದರೆ, ಹಬೆ ತುಂಬಿದ ಹೊಗೆ ತಣ್ಣನೆಯ ಇಟ್ಟಿಗೆಗೆ ತಾಗಿ ನೀರಾಗುತ್ತದೆ. ಹೊರಗೆ ಬಿಳಿ ಉಪ್ಪು, ಕೋಣೆಯ ಗೋಡೆಯಲ್ಲಿ ಕಂದು ಕಲೆ ಅದರ ಗುರುತು. ಬಾಯ್ಲರಿಗೆ ಹೊಂದುವ ಅಳತೆಯ ಲೋಹದ ಒಳಕೊಳವೆ ಇಳಿಸದೆ ಇದು ನಿಲ್ಲದು.

ಬಣ್ಣ ಬಳಿಯಬೇಡಿ. ರಕ್ಷಣೆ ಬೇಕೇ ಬೇಕೆನಿಸಿದರೆ, ಗಾರೆ ಪೂರ್ತಿ ಮಾಗಿದ ಮೇಲೆ, ಮಳೆನೀರು ತಡೆದು ಆವಿ ಹೊರಹೋಗಲು ಬಿಡುವ ಸಿಲೇನ್-ಸಿಲಾಕ್ಸೇನ್ ದ್ರಾವಣ ಸಾಕು. ಮತ್ತೆ ಒಲೆ ಹಚ್ಚುವ ಮೊದಲು ತಳದ ಬಾಗಿಲು ತೆಗೆದು, ಬಿದ್ದ ಗಾರೆ, ಇಟ್ಟಿಗೆ ಚೂರು, ಇಲ್ಲಣವನ್ನೆಲ್ಲ ಬಳಿದು ಹಾಕಿ. ಅಷ್ಟು ಚೂರೇ ಕೊಳವೆಗೆ ಅಡ್ಡವಾಗಿ, ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತಿರುಗಬಹುದು. ಅದರ ಅಲಾರಂ ಮಲಗುವ ಕೋಣೆಯ ಹತ್ತಿರ ಇದೆಯೇ, ಅದರ ಬ್ಯಾಟರಿ ಸರಿಯಿದೆಯೇ ಎಂದು ಅಂದೇ ನೋಡಿ.