ಮೊಂಡನಲ್ಲ, ಕಿವಿ ಮಂದ

“ಕರೆದರೆ ತಿರುಗಿಯೂ ನೋಡುವುದಿಲ್ಲ ಸಾಹೇಬರೇ, ಬಹಳ ಮೊಂಡ.” ಕುಂದಗೋಳ ಕಡೆಯಿಂದ ಹುಬ್ಬಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ನಾಲ್ಕು ವರ್ಷದ ಮಗನನ್ನು ಕರೆತಂದ ತಂದೆಯ ದೂರು ಇದು. ಹುಡುಗ ಟಿ.ವಿ. ಸದ್ದು ಏರಿಸುತ್ತಾನೆ, ಮಾತು ತೊದಲು. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕುಸುಬೆ ಎಣ್ಣೆ ಬಿಟ್ಟು ನೋಡಿದ್ದರು.

ಕಿವಿಯಲ್ಲಿ ಗುಗ್ಗೆ ಇರಲಿಲ್ಲ. ತಮಟೆ ಮಾತ್ರ ಹೊಳಪು ಕಳೆದುಕೊಂಡು ಒಳಕ್ಕೆ ಎಳೆದುಕೊಂಡಿತ್ತು. ಅದರ ಹಿಂದೆ ಅಂಟು ದ್ರವ. ಇದೇ ಗ್ಲೂ ಇಯರ್. ಸಾಮಾನ್ಯವಾಗಿ ಜ್ವರವಿಲ್ಲ, ತೀವ್ರ ನೋವಿಲ್ಲ, ಸೋರುವುದಿಲ್ಲ. ಹಾಗಾಗಿಯೇ ಮಗು ಬೈಸಿಕೊಳ್ಳುತ್ತದೆ.

ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ನಳಿಕೆ ಇದೆ. ಉಗುಳು ನುಂಗಿದಾಗ, ಆಕಳಿಸಿದಾಗ ತೆರೆದುಕೊಂಡು ಕಿವಿಗೆ ಗಾಳಿ ಬಿಡುತ್ತದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚುಕಡಿಮೆ ಅಡ್ಡ. ನೆಗಡಿಯಿಂದಲೋ ಮೂಗಿನ ಹಿಂದಿರುವ ಅಡಿನಾಯ್ಡ್ ಎಂಬ ಮೃದು ಗಡ್ಡೆ ದಪ್ಪವಾಗಿಯೋ ಅದು ಕೆಲಸ ನಿಲ್ಲಿಸಿದರೆ ಒಳಗಿನ ಗಾಳಿ ಹೀರಿಹೋಗಿ ದ್ರವ ತುಂಬುತ್ತದೆ. ಮನೆಯ ಬೀಡಿ ಹೊಗೆ ಇದನ್ನು ಹೆಚ್ಚಿಸುತ್ತದೆ.

“ಹೋಳಿಯಲ್ಲಿ ತೇವ ಹಿಡಿದ ಹಲಗೆ ನುಡಿಯುತ್ತದೆಯೇ?” ಎಂದು ಅಜ್ಜಿಯನ್ನು ಕೇಳಿದೆ. “ಬೆಂಕಿಗೆ ಹಿಡಿದು ಕಾಯಿಸುತ್ತೇವಲ್ಲ, ಅದಕ್ಕೇ ಎಣ್ಣೆ ಕಾಯಿಸಿ ಬಿಟ್ಟೆ!” ಎಂದರು. ನನ್ನ ಹೋಲಿಕೆ ನನಗೇ ತಿರುಗಿತು. ಎಣ್ಣೆ ತಮಟೆಯ ಈಚೆಗೇ ನಿಲ್ಲುತ್ತದೆ, ನೀರಿರುವುದು ಆಚೆಗೆ ಎಂದು ಚಿತ್ರ ಬರೆದು ತೋರಿಸಬೇಕಾಯಿತು.

ಔಷಧಿಯ ಚೀಟಿ ಬರೆಯದಿದ್ದುದಕ್ಕೆ ತಂದೆಗೆ ಬೇಸರ. ಆದರೆ ಆಂಟಿಬಯೋಟಿಕ್ ಆಗಲಿ ನೆಗಡಿಯ ಸಿರಪ್ ಆಗಲಿ ಈ ದ್ರವವನ್ನು ಇಳಿಸುವುದಿಲ್ಲ. ಬಹಳಷ್ಟು ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿಯೇ ಇಳಿಯುತ್ತದೆ. ಹಾಗೆಂದು ಸುಮ್ಮನೆ ಕಾಯುವುದಲ್ಲ. ಶ್ರವಣ ಪರೀಕ್ಷೆ, ತಮಟೆ ಎಷ್ಟು ಅಲುಗುತ್ತದೆಂದು ಅಳೆಯುವ ಟಿಂಪನೋಮೆಟ್ರಿ ಮಾಡಿಸಿ ಕಾಯುವುದು. ಸೀಳಂಗುಳ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಮಾತ್ರ ಮೊದಲಿನಿಂದಲೇ ತಜ್ಞರು ನೋಡುತ್ತಿರಬೇಕು.

ಎರಡೂ ಕಿವಿಗಳಲ್ಲಿ ದ್ರವ ಉಳಿದು, ಕೇಳುವಿಕೆ ಕುಗ್ಗಿಯೇ ಇದ್ದರೆ ಗ್ರೊಮೆಟ್ ಯೋಚಿಸುತ್ತೇವೆ. ಅರಿವಳಿಕೆ ಕೊಟ್ಟು, ತಮಟೆಯಲ್ಲಿ ಸಣ್ಣ ಗೀರು ಹಾಕಿ ದ್ರವ ಹೀರಿ, ಅಲ್ಲಿ ಪುಟ್ಟ ಕೊಳವೆ ಕೂರಿಸುತ್ತೇವೆ. ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳಲ್ಲಿ ಅದು ತಾನೇ ಉದುರುತ್ತದೆ. ಅಡಿನಾಯ್ಡ್ ಮೂಗು ಕಟ್ಟಿಸುತ್ತಿದ್ದರೆ ಅದನ್ನೂ ತೆಗೆಯುವುದುಂಟು.

ಮೂರು ತಿಂಗಳ ನಂತರ ಹುಡುಗನ ಬಲಗಿವಿಯ ಟಿಂಪನೋಮೆಟ್ರಿ ಗ್ರಾಫ್‌ನಲ್ಲಿ ಶಿಖರ ಮೂಡಿತ್ತು, ಅಂದರೆ ತಮಟೆ ಮತ್ತೆ ಅಲುಗುತ್ತಿತ್ತು; ಎಡಗಿವಿಯದು ಇನ್ನೂ ಸಪಾಟು. ಕೇಳುವಿಕೆ ಸುಧಾರಿಸಿದ್ದರಿಂದ ಮತ್ತೆ ಕಾಯೋಣ ಎಂದೆ. ತಂದೆ ಈ ಸಲ ಚೀಟಿ ಕೇಳಲಿಲ್ಲ. ಮಗನ ಎದುರು ಕುಕ್ಕರುಗಾಲಲ್ಲಿ ಕುಳಿತು, ಮುಖ ನೋಡುತ್ತ, “ಹೋಗೋಣವೇನೋ?” ಎಂದರು. ಹುಡುಗ ಚಪ್ಪಲಿ ಹುಡುಕಲು ಓಡಿದ.