ಆಲ್ಥಿಯಾ: ಕೊಳ್ಳಿಯ ಕಥೆಯೂ ಶಾಪದ ಕಥೆಯೂ

ಗ್ರೀಕ್ ಪುರಾಣದ ಆಲ್ಥಿಯಾ ಪ್ಲೂರಾನಿನ ಥೆಸ್ಟಿಯಸ್‌ನ ಮಗಳು, ಕ್ಯಾಲಿಡಾನಿನ ದೊರೆ ಈನಿಯಸ್‌ನ ಮಡದಿ, ಮೆಲಿಯೇಜರ್ ಮತ್ತು ಡಿಯಾನೈರಾ ಇವರ ತಾಯಿ. ಲೀಡಾ ಇವಳ ಒಡಹುಟ್ಟಿದವಳಾದುದರಿಂದ ಟ್ರಾಯ್ ಯುದ್ಧದ ಹೆಲೆನಳಿಗೆ ಇವಳು ದೊಡ್ಡಮ್ಮನೋ ಚಿಕ್ಕಮ್ಮನೋ ಆಗಬೇಕು.

ಪ್ರಚಲಿತ ಕಥೆ ಸರಳವಾಗಿದೆ. ಒಲೆಯಲ್ಲಿ ಉರಿಯುತ್ತಿರುವ ಕೊಳ್ಳಿ ಬೂದಿಯಾಗುವವರೆಗೆ ಮಾತ್ರ ಮಗು ಮೆಲಿಯೇಜರ್‌ನ ಆಯುಸ್ಸು ಎಂದು ವಿಧಿದೇವತೆಯರು ನುಡಿಯುತ್ತಾರೆ. ತಾಯಿ ಅದನ್ನು ಆರಿಸಿ ಬಚ್ಚಿಡುತ್ತಾಳೆ. ಬೆಳೆದ ಮಗ ಕಾಡುಹಂದಿಯನ್ನು ಕೊಂದು ಅದರ ಚರ್ಮವನ್ನು ಬೇಟೆಗಾತಿ ಅಟಲಾಂಟಾಳಿಗೆ ಕೊಡುತ್ತಾನೆ, ಅದನ್ನು ಕಸಿದುಕೊಂಡ ಸೋದರಮಾವಂದಿರನ್ನು ಕೊಲ್ಲುತ್ತಾನೆ, ಆಗ ಆಲ್ಥಿಯಾ ಕೊಳ್ಳಿಯನ್ನು ಮತ್ತೆ ಬೆಂಕಿಗೆ ಹಾಕುತ್ತಾಳೆ.

ತೊಡಕು ಇರುವುದು ಹೋಮರನ ‘ಇಲಿಯಡ್’ನ 9ನೆಯ ಸರ್ಗದಲ್ಲಿ. ಅಲ್ಲಿ ಕೊಳ್ಳಿಯೂ ಇಲ್ಲ, ಅಟಲಾಂಟಾಳೂ ಇಲ್ಲ. ಹಂದಿಯ ತಲೆ ಮತ್ತು ಚರ್ಮಕ್ಕಾಗಿ ಪ್ಲೂರಾನಿನ ಕ್ಯುರೀಟರಿಗೂ ಕ್ಯಾಲಿಡಾನಿನ ಈಟೋಲಿಯನ್ನರಿಗೂ ಯುದ್ಧ ಹತ್ತುತ್ತದೆ; ಮಗನ ಕೈಯಲ್ಲಿ ಸೋದರನನ್ನು ಕಳೆದುಕೊಂಡ ಆಲ್ಥಿಯಾ ಮೊಣಕಾಲೂರಿ, ನೆಲವನ್ನು ಬಡಿದು, ಮಗನಿಗೆ ಸಾವು ಕೊಡೆಂದು ಪಾತಾಳದ ದೇವತೆಗಳನ್ನು ಬೇಡುತ್ತಾಳೆ. ಮುನಿದ ಮೆಲಿಯೇಜರ್ ಯುದ್ಧ ಬಿಟ್ಟು ಹೆಂಡತಿ ಕ್ಲಿಯೋಪಾತ್ರಾಳ ಬಳಿ ಮಲಗಿಬಿಡುತ್ತಾನೆ. ಊರು ಸೋಲುವಂತಾದಾಗ ಅವನನ್ನು ಅಂಗಲಾಚುವವರಲ್ಲಿ ಶಪಿಸಿದ ತಾಯಿಯೂ ಇದ್ದಾಳೆ ಎಂಬುದನ್ನು ಗಮನಿಸಬೇಕು. ಈ ಕಥೆಗೆ ಕೊಳ್ಳಿಯನ್ನು ಸೇರಿಸಿ ಓದಿದರೆ ಎಲ್ಲವೂ ಕುಸಿಯುತ್ತದೆ: ಮಗನ ಪ್ರಾಣ ಪೆಟ್ಟಿಗೆಯಲ್ಲೇ ಇರುವವಳು ನೆಲ ಬಡಿದು ದೇವರನ್ನು ಏಕೆ ಕರೆಯಬೇಕು? ಇದನ್ನು ಹೇಳುತ್ತಿರುವವನು ಅಕಿಲೀಸನನ್ನು ಸಾಕಿ ಬೆಳೆಸಿದ ಮುದುಕ ಫೀನಿಕ್ಸ್, ಕೇಳುತ್ತಿರುವವನು ಯುದ್ಧ ಬಿಟ್ಟು ಮುನಿದು ಕುಳಿತ ಅಕಿಲೀಸ್; ಅವನನ್ನು ಯುದ್ಧಕ್ಕೆ ಮರಳಿಸುವುದೇ ಕಥೆಯ ಉದ್ದೇಶ. ಆದ್ದರಿಂದ ಅಲ್ಲಿ ಬೇಕಾದದ್ದು ಮುನಿದು ಮನೆಯಲ್ಲಿ ಕುಳಿತ ವೀರ, ಕೊಳ್ಳಿಯೊಡನೆ ಉರಿದುಹೋಗುವ ವೀರನಲ್ಲ. ಅವನ ಸಾವನ್ನು ಫೀನಿಕ್ಸ್ ವರ್ಣಿಸುವುದೂ ಇಲ್ಲ.

ಹೀಗಾಗಿ ನನ್ನ ಗುರುತು ಇದು: ನಾಯಕ ಮುನಿದು ಮಲಗಿದ್ದರೆ ಶಾಪದ ಕಥೆ, ಚರ್ಮ ಅಟಲಾಂಟಾಳ ಕೈ ಸೇರಿದರೆ ಕೊಳ್ಳಿಯ ಕಥೆ. ಗ್ರೀಕ್ ಕವಿ ಬ್ಯಾಕಿಲಿಡಿಸನ ಕ್ರಿ.ಪೂ. 476ರ ಗೀತೆ ಮಾತ್ರ ನಡುವೆ ನಿಲ್ಲುತ್ತದೆ. ಅಲ್ಲಿ ಕೊಳ್ಳಿಯಿದೆ, ಆದರೆ ಸೋದರಮಾವಂದಿರು ಸಾಯುವುದು ಯುದ್ಧದ ಗೊಂದಲದಲ್ಲಿ, ಮೆಲಿಯೇಜರ್ ಬಯಸದೆಯೇ. ಪುರಾಣಕಥೆಗಳ ಸಂಗ್ರಹಕಾರ ಅಪೊಲೊಡೋರಸ್ ಎರಡೂ ಕಥೆಗಳನ್ನು ಒಂದರ ಹಿಂದೊಂದು ಕೊಡುತ್ತಾನೆ.

ರೋಮನ್ ಕವಿ ಒವಿಡನ ಆಲ್ಥಿಯಾಳೇ ನನಗೆ ಹೆಚ್ಚು ಹತ್ತಿರದವಳು. ನಾಲ್ಕು ಬಾರಿ ಕೊಳ್ಳಿಯನ್ನು ಬೆಂಕಿಯತ್ತ ಒಯ್ದು ನಾಲ್ಕು ಬಾರಿಯೂ ಕೈ ಹಿಂದೆಗೆಯುವ ಅವಳಲ್ಲಿ ತವರಿನ ಮಗಳೂ ಹೆತ್ತ ತಾಯಿಯೂ ಹೋರಾಡುತ್ತಾರೆ. ಹೋಮರನ ಆಲ್ಥಿಯಾಳಿಗೆ ಇಷ್ಟು ದೀರ್ಘವಾದ ಸ್ವಗತವಿಲ್ಲ.

ಹೆಸರುಗಳಲ್ಲಿ ಎಚ್ಚರವಿರಲಿ. ಒವಿಡನಲ್ಲಿ ಟಾಕ್ಸಿಯಸ್ ಎಂಬುವನು ಆಲ್ಥಿಯಾಳ ಸೋದರ; ಅಪೊಲೊಡೋರಸನಲ್ಲಿ ಅದೇ ಹೆಸರಿನವನು ಅವಳ ಮಗ, ಕಂದಕ ಹಾರಿದ್ದಕ್ಕಾಗಿ ತಂದೆ ಈನಿಯಸ್‌ನಿಂದಲೇ ಹತನಾದವನು.